ಬ್ಯಾಂಕಿಗೆ ಒಂದು ಅರ್ಜಿ

ಅರ್ಜಿ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಅಮಲ್ದಾರರ ಕಚೇರಿಯ ಜಗಲಿಯ ಮೇಲೆ ಕುಳಿತು, ‘ಮಹಾಸ್ವಾಮಿಯವರ ಸನ್ನಿಧಾನಕ್ಕೆ’ ಎಂದು ಪ್ರಾರಂಭಿಸಿ ‘ತಮ್ಮ ವಿಧೇಯ ಸೇವಕ’ ಎಂದು ಮುಗಿಸುತ್ತಿದ್ದ ಬರಹಗಾರರ ಕಾಲದಿಂದಲೂ ಅದು ರೂಢಿಯಲ್ಲಿದೆ. ಆ ಅರ್ಜಿಯ ಬಲವೆಲ್ಲ ವಿನಯದಲ್ಲಿತ್ತು. ಬೇಡುವವನು ಎಷ್ಟು ಬಾಗಿದರೆ ಅಷ್ಟು ಫಲವೆಂಬುದು ಆಗಿನ ನಂಬಿಕೆ. ಆ ಕಾಲ ಕಳೆದು ಹೋಗಿ ಎಷ್ಟೋ ವರ್ಷಗಳಾದುವು. ಆದರೂ ಅರ್ಜಿಯೆಂದರೆ ಯಾಚನೆ, ಅದನ್ನು ಬಲಪಡಿಸುವುದೆಂದರೆ ಹೊಗಳಿಕೆಯ ಮಾತುಗಳನ್ನು ಸೇರಿಸುವುದು ಎಂಬ ಭಾವನೆ ಪದವೀಧರ ತರುಣರ ಮನಸ್ಸಿನಿಂದ ಇನ್ನೂ ಪೂರ್ತಿಯಾಗಿ ತೊಲಗಿಲ್ಲ. ಬ್ಯಾಂಕಿನ ಹುದ್ದೆಗೆ ಹಾಕುವ ಅರ್ಜಿಯಲ್ಲಿ ಈ ಭಾವನೆಯಿಂದ ಆಗುವಷ್ಟು ಹಾನಿ ಮತ್ತೆಲ್ಲಿಯೂ ಆಗಲಾರದು.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಒಣ ಸೀಮೆಗಳು. ಒಂದರಲ್ಲಿ ಕಡಲೆಕಾಯಿ, ಎಣ್ಣೆಯ ಗಿರಣಿ, ಕುರಿ, ಕಂಬಳಿ. ಇನ್ನೊಂದರಲ್ಲಿ ರೇಷ್ಮೆಯ ಮಗ್ಗ. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಕೆಲಸವಿಲ್ಲ. ರೇಷ್ಮೆ ಮತ್ತು ಜರಿಯ ಬೆಲೆ ಏರಿದ ವರ್ಷ ಮಗ್ಗದಲ್ಲಿ ಕೂಲಿ ಗಿಟ್ಟುವುದಿಲ್ಲ. ಇಂತಹ ಕಡೆ ತಿಂಗಳು ತಿಂಗಳಿಗೆ ತಪ್ಪದೆ ಬರುವ ಸಂಬಳವೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬ್ಯಾಂಕು, ಕಂದಾಯ ಇಲಾಖೆ, ಪಾಠಶಾಲೆ ಈ ಮೂರೇ ಇಲ್ಲಿಯ ಪದವೀಧರರ ಕಣ್ಣಿಗೆ ಕಾಣುವ ಬಾಗಿಲುಗಳು. ಅವುಗಳಲ್ಲಿ ಬ್ಯಾಂಕಿನದು ಪ್ರತಿ ವರ್ಷವೂ ತೆರೆಯುವ ಬಾಗಿಲೆಂಬ ಕಾರಣದಿಂದ ಅದರ ಮುಂದೆ ನೂಕುನುಗ್ಗಲು ಹೆಚ್ಚು.

ಮೊದಲು ಬ್ಯಾಂಕುಗಳಿಗೆ ನೌಕರರನ್ನು ಆರಿಸಲು ಪ್ರಾದೇಶಿಕ ನೇಮಕ ಮಂಡಳಿಗಳಿದ್ದುವು. 2001ರಲ್ಲಿ ಅವು ರದ್ದಾದುವು. ಅನಂತರ ಒಂದೊಂದು ಬ್ಯಾಂಕೂ ಬೇರೆ ಬೇರೆಯಾಗಿ ಪರೀಕ್ಷೆ ನಡೆಸುತ್ತಿತ್ತು. 2011ರಿಂದ ಮುಂಬಯಿಯ ಬ್ಯಾಂಕಿಂಗ್ ಸಿಬ್ಬಂದಿ ಆಯ್ಕೆ ಸಂಸ್ಥೆ, ಎಂದರೆ ಐ.ಬಿ.ಪಿ.ಎಸ್., ಸ್ಟೇಟ್ ಬ್ಯಾಂಕನ್ನು ಬಿಟ್ಟು ಉಳಿದ ಸರ್ಕಾರಿ ಬ್ಯಾಂಕುಗಳಿಗೆಲ್ಲ ಒಂದೇ ಪರೀಕ್ಷೆಯನ್ನು ನಡೆಸುತ್ತ ಬಂದಿದೆ. ಸ್ಟೇಟ್ ಬ್ಯಾಂಕು ತನ್ನ ಆಯ್ಕೆಯನ್ನು ತಾನೇ ಮಾಡಿಕೊಳ್ಳುತ್ತದೆ. ಅರ್ಜಿಯನ್ನು ಕಾಗದದಲ್ಲಿ ಬರೆದು ಅಂಚೆಗೆ ಹಾಕುವ ಕ್ರಮ ಹೋಯಿತು. ಈಗ ಎಲ್ಲವೂ ಗಣಕಯಂತ್ರದ ಪರದೆಯ ಮೇಲೆ. ಈ ಬದಲಾವಣೆಯ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಅಮಲ್ದಾರರು ಅರ್ಜಿಯನ್ನು ಓದಿ ಕನಿಕರಪಡಬಹುದಾಗಿತ್ತು. ಯಂತ್ರಕ್ಕೆ ಕನಿಕರವಿಲ್ಲ, ಕೋಪವೂ ಇಲ್ಲ. ಅದು ಒಂದು ಮನೆಯಲ್ಲಿ ಬರೆದುದನ್ನು ಇನ್ನೊಂದು ಮನೆಯಲ್ಲಿ ಬರೆದುದಕ್ಕೆ ಹೋಲಿಸಿ ನೋಡುತ್ತದೆ, ಅಷ್ಟೆ. ತಿಂಗಳುಗಳ ಮೇಲೆ ಸಂದರ್ಶನದ ಕೋಣೆಯಲ್ಲಿ ಅಧಿಕಾರಿಯೊಬ್ಬರು ಅದೇ ಬರಹವನ್ನು ಮೂಲಪತ್ರಗಳಿಗೆ ಹೋಲಿಸಿ ನೋಡುತ್ತಾರೆ. ಆದುದರಿಂದ ಬಲವಾದ ಅರ್ಜಿ ಎಂದರೆ ಒಂದಕ್ಕೊಂದು ತಾಳೆಯಾಗುವ ಅರ್ಜಿ. ಬ್ಯಾಂಕಿನಲ್ಲಿ ಜಮಾ ಖರ್ಚುಗಳು ಸಂಜೆಯ ವೇಳೆಗೆ ತಾಳೆಯಾಗಬೇಕಾದ ಹಾಗೆಯೇ ಇದೂ. ಮುಂದೆ ಹುದ್ದೆಯಲ್ಲಿ ಯಾವ ಗುಣ ಬೇಕೋ ಅದರ ಮೊದಲ ಪರೀಕ್ಷೆ ಅರ್ಜಿಯಲ್ಲಿಯೇ ನಡೆದು ಹೋಗುತ್ತದೆ. ಹೆಚ್ಚಿನವರಿಗೆ ಅದು ಪರೀಕ್ಷೆ ಎಂಬುದೇ ತಿಳಿದಿರುವುದಿಲ್ಲ.

ಮೊಳಕಾಲ್ಮೂರಿನ ನೇಕಾರನೊಬ್ಬನ ಮಗಳನ್ನು ಕಲ್ಪಿಸಿಕೊಳ್ಳಬಹುದು. ಅವಳು ವಾಣಿಜ್ಯ ಪದವೀಧರೆ, ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು. ಪ್ರಕಟಣೆ ಬಂದ ಹದಿನೈದು ದಿನ ಸುಮ್ಮನಿದ್ದು, ಕೊನೆಯ ದಿನದ ಹಿಂದಿನ ಸಂಜೆ ಪೇಟೆಯ ಗಣಕಯಂತ್ರದ ಅಂಗಡಿಗೆ ಹೋಗುತ್ತಾಳೆ. ಅಲ್ಲಿ ಅವಳಂತಹವರು ಇಪ್ಪತ್ತು ಮಂದಿ. ಅಂಗಡಿಯ ಹುಡುಗನು ಪ್ರಶ್ನೆ ಕೇಳುತ್ತ ಹೋಗುತ್ತಾನೆ, ಅವಳು ಉತ್ತರ ಹೇಳುತ್ತ ಹೋಗುತ್ತಾಳೆ, ಅವನ ಬೆರಳುಗಳು ಓಡುತ್ತವೆ. ಮಿಂಚಂಚೆಯ ವಿಳಾಸವಿದೆಯೇ ಎಂದರೆ ಇಲ್ಲ ಎನ್ನುತ್ತಾಳೆ; ಅವನು ತನ್ನದೇ ಒಂದನ್ನು ಹಾಕುತ್ತಾನೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಮನೆಗೆ ಬಂದು ಅರ್ಜಿ ಹಾಕಿದೆನೆಂದು ಹೇಳುತ್ತಾಳೆ. ವಾಸ್ತವವಾಗಿ ಅರ್ಜಿ ಹಾಕಿದವನು ಆ ಹುಡುಗ. ಪರೀಕ್ಷೆಯ ಪ್ರವೇಶಪತ್ರ ಬರುವುದು ಅವನ ಅಂಚೆಗೆ. ಅವನು ಆ ವೇಳೆಗೆ ಅಂಗಡಿ ಬಿಟ್ಟು ಬೆಂಗಳೂರು ಸೇರಿದ್ದರೆ ಕೇಳುವವರಾರು? ಆತನ ತಪ್ಪೇನೂ ಇಲ್ಲ. ದಿನಕ್ಕೆ ನೂರು ಅರ್ಜಿ ತುಂಬುವವನಿಗೆ ನೂರೊಂದನೆಯದು ಯಾರ ಜೀವನವೆಂದು ತಿಳಿಯುವುದು ಹೇಗೆ? ಮಿಂಚಂಚೆಯ ವಿಳಾಸವನ್ನು ಪಡೆಯಲು ಕಾಸು ಬೇಡ, ಕಾಲು ಗಂಟೆ ಸಾಕು. ಅದರ ಗುಪ್ತಪದವನ್ನು ಮನೆಯ ಪಂಚಾಂಗದ ಹಿಂಪುಟದಲ್ಲಿ ಬರೆದಿಟ್ಟರೂ ಸರಿಯೆ, ಅದು ಅರ್ಜಿದಾರಳ ಕೈಯಲ್ಲಿರಬೇಕು.

ಇನ್ನು ಹೆಸರು. ಆರಂಭದಲ್ಲಿಯೇ ಎಡವುವುದು ಇಲ್ಲಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂಬ ಹೆಸರುಗಳು ಮನೆಗೊಂದರಂತೆ ಇವೆ. ಕನ್ನಡದಲ್ಲಿ ಬರೆದಾಗ ಯಾವ ತೊಡಕೂ ಇಲ್ಲ. ಇಂಗ್ಲಿಷಿಗೆ ಹೋದೊಡನೆ ಒಬ್ಬರು ‘ಟಿ’ ಅಕ್ಷರದ ಪಕ್ಕದಲ್ಲಿ ‘ಎಚ್’ ಇಡುತ್ತಾರೆ, ಇನ್ನೊಬ್ಬರು ಬಿಡುತ್ತಾರೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಹಿಂದೆ, ಪದವಿಯ ಪತ್ರದಲ್ಲಿ ಮುಂದೆ, ಆಧಾರ್ ಚೀಟಿಯಲ್ಲಿ ತಂದೆಯ ಹೆಸರು ಪೂರ್ತಿ. ಊರಿನವರಿಗೆ ಮೂವರೂ ಒಬ್ಬಳೇ. ಯಂತ್ರಕ್ಕೂ ಪರೀಕ್ಷಾಮಂದಿರದ ಬಾಗಿಲಲ್ಲಿ ನಿಂತ ನೌಕರನಿಗೂ ಮೂವರು ಬೇರೆ ಬೇರೆ ಹುಡುಗಿಯರು. ಗುರುತಿನ ಚೀಟಿಯ ಹೆಸರು ಪ್ರವೇಶಪತ್ರದ ಹೆಸರಿಗೆ ಹೊಂದದಿದ್ದರೆ ಒಳಗೆ ಬಿಡಬಾರದೆಂಬುದು ನಿಯಮ. ಆದುದರಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಪ್ರಮಾಣವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಸರಿಪಡಿಸಿಕೊಳ್ಳುವುದು ಜಾಣತನ. ಜನ್ಮದಿನಾಂಕಕ್ಕೂ ಅದೇ ಆಧಾರ. ಆಧಾರ್ ಚೀಟಿಯ ತಿದ್ದುಪಡಿಗೆ ವಾರಗಟ್ಟಲೆ ಹಿಡಿಯಬಹುದು. ಪ್ರಕಟಣೆ ಬಂದ ಮೇಲೆ ಓಡಾಡುವ ಕೆಲಸವಲ್ಲ ಅದು, ಪದವಿಯ ಕೊನೆಯ ವರ್ಷದಲ್ಲಿಯೇ ಮುಗಿಯಬೇಕಾದದ್ದು. ಮದುವೆಯಾಗಿ ಹೆಸರು ಬದಲಾಯಿಸಿಕೊಂಡ ಹೆಣ್ಣುಮಕ್ಕಳಿಗೆ ವಿವಾಹ ಪ್ರಮಾಣಪತ್ರವೊ ಗೆಜೆಟ್ ಪ್ರಕಟಣೆಯೊ ಬೇಕಾಗುತ್ತದೆ. ಗಂಡಸರಿಗೆ ಈ ಕಷ್ಟವಿಲ್ಲವೆಂಬುದು ನ್ಯಾಯವಲ್ಲ. ಆದರೆ ಇರುವುದು ಹಾಗೆ.

ಅಂಕಗಳ ವಿಷಯದಲ್ಲಿ ಒಂದು ಸಣ್ಣ ಆಸೆ ಎಲ್ಲರನ್ನೂ ಕಾಡುತ್ತದೆ. ಒಟ್ಟು 3600ಕ್ಕೆ 2159 ಅಂಕಗಳು ಬಂದಿವೆ ಎನ್ನೋಣ. ಲೆಕ್ಕ ಮಾಡಿದರೆ ಶೇಕಡ 59.97. ಅದನ್ನು 60 ಎಂದು ಬರೆಯಲು ಕೈ ತುರಿಸುತ್ತದೆ. ಶೇಕಡ 0.03ಕ್ಕೆ ಯಾರು ಜಗಳವಾಡುತ್ತಾರೆಂಬ ಧೈರ್ಯ. ಆದರೆ 59.99 ಕೂಡ 60ಕ್ಕಿಂತ ಕಡಮೆ ಎಂದೇ ಐ.ಬಿ.ಪಿ.ಎಸ್. ತನ್ನ ಪ್ರಕಟಣೆಗಳಲ್ಲಿ ಸ್ಪಷ್ಟವಾಗಿ ಬರೆಯುತ್ತ ಬಂದಿದೆ. ಪ್ರೊಬೇಷನರಿ ಅಧಿಕಾರಿಯ ಹುದ್ದೆಗೆ ಪದವಿಯೊಂದೇ ಸಾಕು, ಇಷ್ಟೇ ಅಂಕವೆಂಬ ಕಟ್ಟಿಲ್ಲ. ಎಂದಮೇಲೆ ಬೇಡದ ಕಡೆ ಸುಳ್ಳು ಬರೆದು ಸಿಕ್ಕಿಬೀಳುವುದೇತಕ್ಕೆ? ಎಲ್ಲ ಸೆಮಿಸ್ಟರುಗಳ ಎಲ್ಲ ವಿಷಯಗಳನ್ನೂ ಕೂಡಿಸಿ ಭಾಗಿಸಬೇಕು. ಒಳ್ಳೆಯ ಅಂಕ ಬಂದ ವಿಷಯಗಳನ್ನಷ್ಟೇ ಆರಿಸಿಕೊಳ್ಳುವುದು ಸಲ್ಲದು. ಅಂಕಗಳ ಬದಲು ಶ್ರೇಣಿಯಿರುವ ಪದವಿಗಳಾದರೆ, ಅದನ್ನು ಶೇಕಡವಾರಿಗೆ ತಿರುಗಿಸುವ ಕ್ರಮವನ್ನು ವಿಶ್ವವಿದ್ಯಾನಿಲಯದಿಂದಲೇ ಬರೆಸಿಕೊಳ್ಳಬೇಕು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಆದ ಮೇಲೆ ಇದಕ್ಕಾಗಿ ಶಿವಮೊಗ್ಗದ ಕಡೆಗೆ ಹೋಗುವ ಅಲೆದಾಟ ತಪ್ಪಿತು.

ಜಾತಿ ಪ್ರಮಾಣಪತ್ರದ ಸಂಗತಿ ಇನ್ನೂ ಸೂಕ್ಷ್ಮ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾದುವು. ಮೀಸಲಾತಿಯ ಪ್ರಯೋಜನ ಪಡೆಯಬಹುದಾದ ಮನೆಗಳು ಇಲ್ಲಿ ಬಹಳ. ತಾಲ್ಲೂಕು ಕಚೇರಿಯಿಂದ ತಂದ ಪತ್ರ ಪೆಟ್ಟಿಗೆಯಲ್ಲಿದೆ ಎಂಬ ನೆಮ್ಮದಿಯೂ ಬಹಳ. ಆದರೆ ಬ್ಯಾಂಕುಗಳು ಕೇಂದ್ರ ಸರ್ಕಾರದವು. ರಾಜ್ಯದ ಪ್ರವರ್ಗ ಒಂದು, ಎರಡು ‘ಎ’, ಮೂರು ‘ಬಿ’ ಎಂಬ ವಿಂಗಡಣೆಗಳು ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ಆ ಜಾತಿಯಿರಬೇಕು, ಕೇಂದ್ರದ ನಮೂನೆಯಲ್ಲಿಯೇ ಪತ್ರವಿರಬೇಕು. ಹಿಂದುಳಿದ ವರ್ಗದವರಾದರೆ ಕೆನೆಪದರಕ್ಕೆ ಸೇರಿದವರಲ್ಲವೆಂಬ ಮಾತು ಅದರಲ್ಲಿರಬೇಕು, ಅದನ್ನು ಆಯಾ ಆರ್ಥಿಕ ವರ್ಷದಲ್ಲಿ ಪಡೆದಿರಬೇಕು. ಪರೀಕ್ಷೆಯ ಎರಡು ಹಂತಗಳನ್ನು ದಾಟಿ ಸಂದರ್ಶನದ ಮೇಜಿನ ಮುಂದೆ ಹಳೆಯ ಪತ್ರವನ್ನು ಹಿಡಿದು ನಿಲ್ಲುವುದಕ್ಕಿಂತ ದೊಡ್ಡ ಸಂಕಟ ಈ ದಾರಿಯಲ್ಲಿ ಇನ್ನೊಂದಿಲ್ಲ.

ಅರ್ಜಿಯ ಕೊನೆಯಲ್ಲಿ ನಾಲ್ಕು ವಸ್ತುಗಳನ್ನು ಕೇಳುತ್ತಾರೆ: ಭಾವಚಿತ್ರ, ರುಜು, ಎಡಗೈ ಹೆಬ್ಬೆಟ್ಟಿನ ಗುರುತು, ಮತ್ತು ಸ್ವಂತ ಕೈಬರಹದ ಒಂದು ಘೋಷಣೆ. ಅರ್ಜಿಯಲ್ಲಿ ಕೊಟ್ಟ ವಿವರವೆಲ್ಲ ನಿಜ, ಕೇಳಿದಾಗ ಆಧಾರಪತ್ರಗಳನ್ನು ಹಾಜರುಪಡಿಸುತ್ತೇನೆ ಎಂಬುದು ಅದರ ತಾತ್ಪರ್ಯ. ಅದನ್ನು ಇಂಗ್ಲಿಷಿನಲ್ಲಿಯೇ, ದೊಡ್ಡಕ್ಷರಗಳಲ್ಲಿ ಬರೆಯದೆ, ತಾನೇ ಬರೆಯಬೇಕು; ಬೇರೆಯವರ ಕೈಬರಹವಾದರೆ ಅರ್ಜಿ ಅಸಿಂಧು. ಈ ಯಂತ್ರದ ಯುಗದಲ್ಲಿ ಕೈಬರಹವೇತಕ್ಕೆ ಎಂದು ಹಲವರಿಗೆ ಬೇಸರ. ಮೊಳಕಾಲ್ಮೂರು ತಾಲ್ಲೂಕಿನವರಿಗಾದರೂ ಆ ಬೇಸರ ಬರಬಾರದು. ಅದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಕಚೇರಿಯ ಪತ್ರ ಅದು. ಮೊದಲು ಕುಶಲಪ್ರಶ್ನೆ, ಆಮೇಲೆ ವಿಷಯ. ತಂದೆತಾಯಿಗಳ ಮಾತು ಕೇಳಬೇಕು, ಸತ್ಯವನ್ನು ನುಡಿಯಬೇಕು ಎಂಬ ವಿಧಿಗಳೂ ಅದರಲ್ಲಿವೆ. ಕೊನೆಯಲ್ಲಿ ಬರೆದ ಲಿಪಿಕಾರನ ಹೆಸರು ಚಪಡ. ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು, ‘ಲಿಪಿಕಾರ’ ಎಂಬ ತನ್ನ ಉದ್ಯೋಗದ ಹೆಸರನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಾಚೆಯೂ ಬರೆದವನು ಯಾರೆಂಬುದಕ್ಕೆ ಸಂಶಯವಿಲ್ಲ. ಬ್ಯಾಂಕು ಕೇಳುವುದೂ ಅಷ್ಟನ್ನೇ.

ಯಾವ ಹುದ್ದೆಗೆ ಅರ್ಜಿ ಎಂಬ ಪ್ರಶ್ನೆಯಲ್ಲಿ ತರುಣರು ತೋರುವ ಅವಸರ ಆಶ್ಚರ್ಯಕರ. ಪ್ರೊಬೇಷನರಿ ಅಧಿಕಾರಿ ಎಂಬ ಹೆಸರಿನ ಠೀವಿಗೆ ಮರುಳಾಗಿ ಅದೊಂದಕ್ಕೇ ಹಾಕುತ್ತಾರೆ. ಆ ಪರೀಕ್ಷೆಯ ಮೊದಲ ಹಂತದಲ್ಲಿಯೇ ಇಂಗ್ಲಿಷಿಗೆ 30 ಅಂಕಗಳು, ಕನ್ನಡದಲ್ಲಿ ಪ್ರಶ್ನೆಪತ್ರಿಕೆಯಿಲ್ಲ. ಗ್ರಾಮೀಣ ಬ್ಯಾಂಕಿನ ಒಂದನೆಯ ದರ್ಜೆಯ ಅಧಿಕಾರಿಯ ಪರೀಕ್ಷೆಯಾದರೋ ಬೇರೆ ತೆರ. ಮೊದಲ ಹಂತದಲ್ಲಿ ತರ್ಕ ಮತ್ತು ಗಣಿತದ 80 ಪ್ರಶ್ನೆಗಳು, 45 ನಿಮಿಷ, ಇಂಗ್ಲಿಷ್ ಇಲ್ಲ. 2019ರಲ್ಲಿ ಆದ ತೀರ್ಮಾನದಂತೆ ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಓದಬಹುದು. ಪ್ರಾದೇಶಿಕ ಭಾಷೆಯ ಜ್ಞಾನ ಅಗತ್ಯವಾದುದರಿಂದ, ಕನ್ನಡ ಮಾಧ್ಯಮದ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಇಲ್ಲಿ ಕೊರತೆಯಲ್ಲ, ಅರ್ಹತೆ. ಆಂಧ್ರದ ಗಡಿಯ ಈ ಹಳ್ಳಿಗಳಲ್ಲಿ ಮನೆಮಾತು ತೆಲುಗಾಗಿ, ಓದು ಕನ್ನಡವಾಗಿರುವವರು ಎಷ್ಟೋ ಜನ. ರಾಯದುರ್ಗದ ಕಡೆಯ ಗಿರಾಕಿಯೊಡನೆಯೂ ಮಾತನಾಡಬಲ್ಲ ಇಂತಹವರಿಗಿಂತ ಗಡಿಯ ಶಾಖೆಗೆ ಬೇರೆ ಯಾರು ಬೇಕು? ಒಂದು ಕಾಲದ ಚಿತ್ರದುರ್ಗ ಗ್ರಾಮೀಣ ಬ್ಯಾಂಕು ವಿಲೀನದ ಮೇಲೆ ವಿಲೀನವಾಗುತ್ತ, 2025ರ ಮೇ 1ರಿಂದ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿದೆ. ಈಗ ರಾಜ್ಯಕ್ಕೆಲ್ಲ ಅದೊಂದೇ ಗ್ರಾಮೀಣ ಬ್ಯಾಂಕು.

ಖಾಸಗಿ ಬ್ಯಾಂಕುಗಳ ಕಥೆ ಬೇರೆ. ಅಲ್ಲಿ ಸ್ವಪರಿಚಯದ ಪತ್ರವನ್ನು ಕೇಳುತ್ತಾರೆ, ಅದನ್ನು ಓದುವವರು ಮನುಷ್ಯರು. ನೇಕಾರನ ಮಗಳು ಇಲ್ಲಿ ಮಾಡುವ ತಪ್ಪು ನೋಡತಕ್ಕದ್ದು. ಅಂಗಡಿಯ ಹುಡುಗನ ಬಳಿ ಒಂದು ಸಿದ್ಧ ನಮೂನೆಯಿದೆ: ಪರಿಶ್ರಮಿ, ಉತ್ಸಾಹಿ, ತಂಡದಲ್ಲಿ ಕೆಲಸ ಮಾಡಬಲ್ಲವಳು, ನಾಯಕತ್ವದ ಗುಣವುಳ್ಳವಳು. ಹೆಸರೊಂದನ್ನು ಬದಲಾಯಿಸಿದರೆ ಅದು ಚಳ್ಳಕೆರೆಯ ಹುಡುಗನಿಗೂ ಆಗುತ್ತದೆ, ಚೆನ್ನೈಯ ಹುಡುಗಿಗೂ ಆಗುತ್ತದೆ. ಎಲ್ಲರಿಗೂ ಆಗುವ ಅಂಗಿ ಯಾರಿಗೂ ಒಪ್ಪುವುದಿಲ್ಲ. ಇತ್ತ ಅವಳು ಬರೆಯದೆ ಬಿಟ್ಟದ್ದೇನು? ಪಿ.ಯು.ಸಿ. ಓದುವಾಗಿನಿಂದ ತಂದೆಯ ಮಗ್ಗದ ಲೆಕ್ಕ ಅವಳ ಕೈಯಲ್ಲಿದೆ. ಒಡೆಯನು ಕೊಟ್ಟ ರೇಷ್ಮೆ ಎಷ್ಟು, ಜರಿ ಎಷ್ಟು, ಸೀರೆಗೆ ಹತ್ತಿದ್ದೆಷ್ಟು, ಉಳಿದದ್ದೆಷ್ಟು, ಮುಂಗಡದಲ್ಲಿ ತೀರಿದ್ದೆಷ್ಟು ಎಂಬುದನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿದ್ದಾಳೆ. ಒಮ್ಮೆ ಒಡೆಯನ ಗುಮಾಸ್ತನ ಲೆಕ್ಕಕ್ಕೂ ಅವಳ ಲೆಕ್ಕಕ್ಕೂ ವ್ಯತ್ಯಾಸ ಬಂದು, ಪುಟ ತೆರೆದು ತೋರಿಸಿದಾಗ ಗುಮಾಸ್ತನೇ ತಿದ್ದಿಕೊಂಡ. ಬ್ಯಾಂಕಿನವರು ಸಾವಿರ ಅರ್ಜಿಗಳಲ್ಲಿ ಹುಡುಕುತ್ತಿರುವುದು ಇದನ್ನೇ. ಆದರೆ ಅದು ಮಗ್ಗದ ಗುಳಿಯ ಪಕ್ಕದಲ್ಲಿ ಕುಳಿತು ಬರೆದದ್ದಾದ್ದರಿಂದ ಅವಳಿಗೆ ನಾಚಿಕೆ. ತಂದೆಯ ವೃತ್ತಿಯ ಮನೆಯಲ್ಲಿ ‘ವ್ಯಾಪಾರ’ ಎಂದು ಬರೆಸಿದ್ದಾಳೆ. ‘ನಾಲ್ಕು ವರ್ಷ ಕುಟುಂಬದ ರೇಷ್ಮೆ ಮಗ್ಗದ ಸರಕು, ಕೂಲಿ, ಮುಂಗಡಗಳ ಲೆಕ್ಕ ಇಟ್ಟಿದ್ದೇನೆ’ ಎಂಬ ಒಂದು ವಾಕ್ಯ ನಾಯಕತ್ವದ ಗುಣವನ್ನು ಕುರಿತ ಹತ್ತು ವಾಕ್ಯಗಳನ್ನು ತೂಗಬಲ್ಲುದು. ಅಂಥದನ್ನು ಬರೆದಮೇಲೆ ಆ ಪುಸ್ತಕವನ್ನು ಒಮ್ಮೆ ತಿರುವಿ ಹಾಕಿಕೊಂಡು ಹೋಗಬೇಕು, ಕೇಳುವುದು ಖಂಡಿತ.

ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚಾಗಿ ಅರ್ಜಿಯಿಂದಲೇ ಹುಟ್ಟುತ್ತವೆ. ಊರು ಚಳ್ಳಕೆರೆ ಎಂದಿದ್ದರೆ, ಎಣ್ಣೆಯ ಗಿರಣಿಗಳು ಏಕೆ ಮುಚ್ಚಿದುವೆಂದು ಕೇಳಬಹುದು. 1994ರಲ್ಲಿ ತಾಳೆ ಎಣ್ಣೆಯ ಆಮದನ್ನು ಸಡಿಲಗೊಳಿಸಿದ ಮೇಲೆ ಅಗ್ಗದ ಎಣ್ಣೆಯೆದುರು ಕಡಲೆಕಾಯಿ ಎಣ್ಣೆ ನಿಲ್ಲಲಾರದೆ ಹೋದುದನ್ನೂ, ಮಳೆಯನ್ನೇ ನಂಬಿದ ಬೆಳೆ ಕುಗ್ಗಿದುದನ್ನೂ ಅಲ್ಲಿಯ ಹುಡುಗನು ಹೇಳಲಾರದಿದ್ದರೆ ಇನ್ನಾರು ಹೇಳಬೇಕು? ಬೆಳೆಸಾಲದ ಬಡ್ಡಿ ಶೇಕಡ 7, ಹೊತ್ತಿಗೆ ಸರಿಯಾಗಿ ತೀರಿಸಿದವರಿಗೆ 4. 2025ರ ಜನವರಿಯಿಂದ ಎರಡು ಲಕ್ಷ ರೂಪಾಯಿವರೆಗೆ ಕೃಷಿಸಾಲಕ್ಕೆ ಅಡಮಾನ ಬೇಡ. ಇವನ್ನು ಪುಸ್ತಕದಿಂದ ಉರು ಹೊಡೆಯುವುದಕ್ಕಿಂತ ಸ್ವಂತ ಚಿಕ್ಕಪ್ಪನ ಪಾಸ್‌ಬುಕ್ಕನ್ನು ತೆರೆದು ನೋಡುವುದು ಮೇಲು. ಬ್ಯಾಂಕಿಗೆ ಏಕೆ ಬರುವಿರಿ ಎಂದರೆ ದೇಶಸೇವೆಗೆ ಎನ್ನುವವರೇ ಎಲ್ಲ. ಮೊಳಕಾಲ್ಮೂರಿನ ಹುಡುಗಿಗೆ ಇನ್ನೂ ಸಮೀಪದ ಉತ್ತರವಿದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಇವರು 8,000 ರೂಪಾಯಿಗಳ ಬಂಡವಾಳದಿಂದ ಒಂದು ಬ್ಯಾಂಕನ್ನು ತೆರೆದದ್ದು ಕೆಲಸ ಕೆಟ್ಟ ಕೈಮಗ್ಗದ ನೇಕಾರರಿಗೆ ನೆರವಾಗಲೆಂದೇ. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಠೇವಣಿ ಕಟ್ಟಿಸಿಕೊಳ್ಳುವ ಪಿಗ್ಮಿ ಪದ್ಧತಿಯನ್ನು ಆರಂಭಿಸಿದ್ದೂ ಅದೇ. ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಅದು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಒಂದಾಯಿತು. ನೇಕಾರನ ಮಗಳು ಬ್ಯಾಂಕಿನ ಮೇಜಿನ ಆಚೆ ಕುಳಿತುಕೊಳ್ಳಲು ಸಂಕೋಚಪಡಬೇಕಾದ ಕಾರಣ ಈ ಚರಿತ್ರೆಯಲ್ಲಂತೂ ಇಲ್ಲ.

ಇನ್ನುಳಿದದ್ದು ಸಣ್ಣಪುಟ್ಟ ಎಚ್ಚರಿಕೆಗಳು. ಹಣ ಕೊಟ್ಟರೆ ಕೆಲಸ ಕೊಡಿಸುತ್ತೇನೆಂದು ಬರುವವರನ್ನು ಬಾಗಿಲಲ್ಲಿಯೇ ಕಳುಹಿಸಬೇಕು. ಶುಲ್ಕವನ್ನು ಬಿಟ್ಟು ಬೇರೆ ಕಾಸು ಈ ದಾರಿಯಲ್ಲಿ ಎಲ್ಲಿಯೂ ಸಲ್ಲಬೇಕಾದುದಿಲ್ಲ. ಶಿಕ್ಷಣಸಾಲದ ಕಂತು ಬಾಕಿಯಿದ್ದರೆ ಅದನ್ನು ಸರಿಪಡಿಸಿಕೊಳ್ಳಬೇಕು, ಸಾಲ ಕೊಡುವ ಮನೆಗೆ ಸೇರಲು ಹೊರಟವರ ಸಾಲದ ನಡತೆಯನ್ನು ಈಗ ನೋಡುತ್ತಾರೆ. ಕೊನೆಯ ದಿನ ಊರೆಲ್ಲ ಒಟ್ಟಿಗೆ ತಟ್ಟುವ ಬಾಗಿಲು ತೆರೆಯುವುದು ತಡ. ಮೊದಲ ವಾರದಲ್ಲಿಯೇ, ಬಿಡುವಾಗಿ ಕುಳಿತು, ಅಂತಿಮವಾಗಿ ಸಲ್ಲಿಸುವ ಮುನ್ನ ಪರದೆಯ ಮೇಲಿನ ಪ್ರತಿಯನ್ನು ಮೂಲಪತ್ರಗಳೊಡನೆ ಇಟ್ಟು, ಮನೆಯಲ್ಲಿ ಓದಬಲ್ಲ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಬೇಕು. ತಮ್ಮನೋ ತಂಗಿಯೋ ಆದರೂ ಆದೀತು. ಸಲ್ಲಿಸಿದ ಮೇಲೆ ಎರಡು ಅಚ್ಚುಪ್ರತಿಗಳು, ಶುಲ್ಕ ಕಟ್ಟಿದ ರಸೀತಿ, ಅದೇ ಭಾವಚಿತ್ರದ ಎಂಟು ಪ್ರತಿಗಳು, ಎಲ್ಲವೂ ಒಂದೇ ಚೀಲದಲ್ಲಿ. ಅರ್ಜಿಯಲ್ಲಿ ಕೊಟ್ಟ ದೂರವಾಣಿ ಸಂಖ್ಯೆ ತಂದೆಯದಾದರೆ, ಫಲಿತಾಂಶ ಹೊರಬಿದ್ದು ಕೆಲಸಕ್ಕೆ ಕರೆ ಬರುವವರೆಗೆ, ಎಂದರೆ ಹೆಚ್ಚು ಕಡಮೆ ಒಂದು ವರ್ಷ, ಅದನ್ನು ಬದಲಾಯಿಸಕೂಡದೆಂದು ಅವರಿಗೂ ತಿಳಿಸಿಡಬೇಕು.